ಮಲೆನಾಡಿನ ಮಳೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ: ಸಂಪ್ ಮತ್ತು ಸ್ಕಿಮ್ಮರ್ ಅಳವಡಿಸಿದ ಹದಿನಾಲ್ಕು ತಿಂಗಳ ಅನುಭವ

ಶಿವಮೊಗ್ಗದ ನಮ್ಮ ಮನೆಯ ಹಾಲ್‌ನಲ್ಲಿ ಮೂರು ವರ್ಷಗಳಿಂದ ಒಂದು ಉಪ್ಪುನೀರಿನ ಅಕ್ವೇರಿಯಂ ಇದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಈ ಗಾಜಿನ ತೊಟ್ಟಿ ಲೆಕ್ಕಕ್ಕೆ 255 ಲೀಟರ್ ಹಿಡಿಯುತ್ತದಾದರೂ ಕಲ್ಲು ಮತ್ತು ಮರಳಿನ ಪಾಲು ಕಳೆದರೆ ಉಳಿಯುವ ನೀರು 200 ಲೀಟರಿಗಿಂತ ತುಸು ಹೆಚ್ಚು. ಒಂದು ಜೋಡಿ ಕ್ಲೌನ್ ಮೀನು, ಮೂರು ಡ್ಯಾಮ್ಸೆಲ್, ಒಂದು ಕ್ಲೀನರ್ ಸಿಗಡಿ, ಕೆಲವು ಸನ್ಯಾಸಿ ಏಡಿಗಳು ಅದರಲ್ಲಿವೆ. ಮೊದಲಿನಿಂದ ಒಂದು ಕ್ಯಾನಿಸ್ಟರ್ ಫಿಲ್ಟರ್, ಅಂದರೆ ತೊಟ್ಟಿಯ ಹೊರಗಿನ ಮುಚ್ಚಿದ ಡಬ್ಬಿಯಲ್ಲಿ ನೀರನ್ನು ಸ್ಪಂಜಿನ ಮೂಲಕ ಸೋಸುವ ಸಾಧನ, ಇತ್ತು. ಕಳೆದ ವರ್ಷದ ಮೇ ತಿಂಗಳಲ್ಲಿ ಅದನ್ನು ತೆಗೆದು, ತೊಟ್ಟಿಯ ಕೆಳಗೆ ಗಾಜಿನ ಸಂಪ್ (ಮೇಲಿನ ನೀರು ಇಳಿದು ಬಂದು, ಶುದ್ಧವಾಗಿ ಮರಳಿ ಮೇಲೆ ಹೋಗುವ ಎರಡನೆಯ ತೊಟ್ಟಿ) ಇಟ್ಟು, ಅದರೊಳಗೆ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಕೂರಿಸಿದೆ. ಅಂದಿನಿಂದ ಈ ವ್ಯವಸ್ಥೆ ಒಂದು ಪೂರ್ತಿ ಮಳೆಗಾಲವನ್ನೂ ಇನ್ನೊಂದರ ಅರ್ಧವನ್ನೂ ಕಂಡಿದೆ. ಖರೀದಿಗೆ ಮೊದಲು ದೊಡ್ಡ ಊರುಗಳ ಹವ್ಯಾಸಿಗಳು ಹೇಳಿದ ಗುಣದೋಷಗಳು ನನಗೆ ಅರ್ಧ ಮಾತ್ರ ಉಪಯೋಗಕ್ಕೆ ಬಂದವು. ಉಳಿದರ್ಧವನ್ನು ಇಲ್ಲಿಯ ಮಳೆಯೂ ಕರೆಂಟೂ ಕಲಿಸಿದವು. ಈ ವಿಮರ್ಶೆಯಲ್ಲಿ ಆ ಉಳಿದರ್ಧಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕ್ಯಾನಿಸ್ಟರ್ ಫಿಲ್ಟರ್ ಕೆಟ್ಟದ್ದೇನಲ್ಲ. ಮೀನಿನ ಮಲ ಮತ್ತು ತಿಂದು ಬಿಟ್ಟ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ಅದರೊಳಗಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ತೊಡಕು ಅಲ್ಲಿಂದ ಮುಂದಿನದು. ಸ್ಪಂಜಿನಲ್ಲಿ ಸಿಕ್ಕಿಕೊಂಡ ಕೊಳೆ ನೀರಿನಿಂದ ಹೊರಗೆ ಹೋಗಿರುವುದಿಲ್ಲ, ಕಣ್ಣಿಗೆ ಕಾಣದ ಕಡೆ ಕೂತು ಕೊಳೆಯುತ್ತಿರುತ್ತದೆ, ಅಷ್ಟೆ. ಪ್ರತಿ ವಾರ ಬಿಚ್ಚಿ ತೊಳೆಯದಿದ್ದರೆ ಅದೇ ನೈಟ್ರೇಟ್ ತಯಾರಿಸುವ ಪೆಟ್ಟಿಗೆಯಾಗುತ್ತದೆ. ನನ್ನ ತೊಟ್ಟಿಯಲ್ಲಿ ನೀರು ಬದಲಿಸಿದ ಮೂರು ವಾರಕ್ಕೇ ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟುತ್ತಿತ್ತು; ಗಾಜಿನ ಮೇಲೆ ಕಂದು ಪಾಚಿ ಎರಡು ದಿನಕ್ಕೊಮ್ಮೆ ಕಟ್ಟುತ್ತಿತ್ತು. ಹೊರದೇಶದ ಹವ್ಯಾಸಿಗಳಿಗೆ ಈ ಕೆಲಸದಲ್ಲಿ ಸಮುದ್ರದಿಂದ ತೆಗೆದ ಜೀವಂತ ಕಲ್ಲು ನೆರವಾಗುತ್ತದೆ, ಏಕೆಂದರೆ ಅದರ ಒಳಗಿನ ಆಮ್ಲಜನಕವಿಲ್ಲದ ಸಂದುಗಳಲ್ಲಿ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಬಿಡುತ್ತವೆ. ನಮ್ಮಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದರಿಂದ ಹವಳದ ದಿಬ್ಬಗಳಿಂದ ಕಿತ್ತು ತಂದ ಕಲ್ಲನ್ನು ಯಾರಾದರೂ ಗುಟ್ಟಾಗಿ ಕೊಡುತ್ತೇನೆಂದರೂ ಮುಟ್ಟಬಾರದು. ನಾನು ಬಳಸಿರುವುದು ಕೃತಕವಾಗಿ ತಯಾರಿಸಿದ ರಂಧ್ರಗಲ್ಲು. ಅದು ಪಳಗಲು ವರ್ಷಗಳು ಬೇಕು. ಅಲ್ಲಿಯ ತನಕ ಭಾರವನ್ನು ಯಂತ್ರವೇ ಹೊರಬೇಕು.

ಸ್ಕಿಮ್ಮರ್ ಮಾಡುವ ಕೆಲಸವನ್ನು ಆಲೆಮನೆ ನೋಡಿದವರಿಗೆ ವಿವರಿಸುವುದು ಸುಲಭ. ಕುದಿಯುವ ಕಬ್ಬಿನ ಹಾಲಿಗೆ ಬೆಂಡೆಯ ಲೋಳೆ ಹಾಕಿದಾಗ ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ, ಅದನ್ನು ಜಾಲರಿ ಸೌಟಿನಲ್ಲಿ ತೆಗೆದು ಚೆಲ್ಲುತ್ತಾರೆ. ಸ್ಕಿಮ್ಮರ್‌ನಲ್ಲಿ ಬೆಂಕಿಯ ಬದಲು ಗಾಳಿ ಇದೆ. ಪಂಪಿನ ಚಕ್ರದ ಮೇಲೆ ಸೂಜಿಗಳಂಥ ಹಲ್ಲುಗಳಿದ್ದು, ಒಳಕ್ಕೆ ಎಳೆದ ಗಾಳಿಯನ್ನು ಅವು ಹಾಲಿನಂತೆ ಬೆಳ್ಳಗೆ ಕಾಣುವಷ್ಟು ನವುರಾದ ಗುಳ್ಳೆಗಳಾಗಿ ಕತ್ತರಿಸುತ್ತವೆ. ನೀರಿನಲ್ಲಿ ಕರಗಿರುವ ಪ್ರೋಟೀನು, ಕೊಬ್ಬು ಮುಂತಾದ ಸಾವಯವ ಅಣುಗಳಲ್ಲಿ ಹಲವಕ್ಕೆ ಒಂದು ತುದಿ ನೀರಿಗೆ ಒಲಿಯುವಂಥದ್ದು, ಇನ್ನೊಂದು ತುದಿ ನೀರನ್ನು ಒಲ್ಲದ್ದು. ಅವು ಗುಳ್ಳೆಯ ಮೈಗೆ ಅಂಟಿಕೊಂಡು ಮೇಲೇರಿ, ಕೊಳವೆಯ ಕುತ್ತಿಗೆಯಲ್ಲಿ ನೊರೆಯಾಗಿ ಗಟ್ಟಿಯಾಗಿ, ಮೇಲಿನ ಬಟ್ಟಲಿಗೆ ಉಕ್ಕಿ ಬೀಳುತ್ತವೆ. ಬಿರುಗಾಳಿಯ ದಿನ ಮಲ್ಪೆಯ ಕಡಲ ತೀರದಲ್ಲಿ ದಂಡೆಗೆ ಬಂದು ನಿಲ್ಲುವ ಹಳದಿ ನೊರೆ ಹುಟ್ಟುವುದೂ ಹೀಗೆಯೇ. ಸಿಹಿನೀರಿನಲ್ಲಿ ಗುಳ್ಳೆಗಳು ಬೇಗ ಒಂದಕ್ಕೊಂದು ಕೂಡಿ ದೊಡ್ಡದಾಗಿ ಒಡೆದುಹೋಗುವುದರಿಂದ ಗೋಲ್ಡ್‌ಫಿಶ್ ಸಾಕುವವರಿಗೆ ಈ ಯಂತ್ರದಿಂದ ಪ್ರಯೋಜನವಿಲ್ಲ. ಇದರ ನಿಜವಾದ ಹೆಚ್ಚುಗಾರಿಕೆ ಏನೆಂದರೆ, ಕೊಳೆ ಅಮೋನಿಯಾ ಆಗುವ ಮೊದಲೇ ಇದು ಅದನ್ನು ನೀರಿನಿಂದ ಹೊರಗೆ ಹಾಕುತ್ತದೆ. ಈಗಾಗಲೇ ಕರಗಿರುವ ನೈಟ್ರೇಟನ್ನು ಇದು ತೆಗೆಯುವುದಿಲ್ಲ. ಹಾಗೆ ತೆಗೆಯುತ್ತದೆಂದು ಹೇಳಿ ಮಾರುವವರ ಮಾತನ್ನು ನಂಬಬಾರದು.

ಸಂಪ್ ಮಾಡಿಸಿದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಕಡೆ ಸಂಪ್ ಎಂದರೆ ಅಂಗಳದಲ್ಲಿ ನೆಲ ಅಗೆದು ಕಟ್ಟಿಸುವ ನೀರಿನ ತೊಟ್ಟಿ. ಪೈಪು ಜೋಡಿಸಲು ಬಂದ ಪ್ಲಂಬರ್ ಮೊದಲ ದಿನ, "ಮನೆ ಒಳಗೆ ಯಾರಾದ್ರೂ ಸಂಪ್ ಇಡ್ತಾರಾ ಸಾರ್?" ಎಂದು ಕೇಳಿ, ಎರಡೂವರೆ ಅಡಿಯ ಗಾಜಿನ ಪೆಟ್ಟಿಗೆಯನ್ನು ಕಂಡು ನಕ್ಕರು. ಆದರೆ ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿದರು. ತೊಟ್ಟಿಯ ಹಿಂಬದಿಯ ಗಾಜಿಗೆ ವಜ್ರದ ಹುಡಿ ಕೂರಿಸಿದ ಬಿಟ್ಟಿನಿಂದ, ನೀರು ಹನಿಸುತ್ತ ತೂತು ಕೊರೆದು, ಟ್ಯಾಂಕ್ ನಿಪ್ಪಲ್ ಹಾಕಿ, ಅಲ್ಲಿಂದ ನೀರು ತಾನಾಗಿ ಕೆಳಗಿಳಿಯುವಂತೆ ಪಿವಿಸಿ ಪೈಪು ಜೋಡಿಸಲಾಯಿತು. ತೊಟ್ಟಿಯ ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಆಗಿದ್ದರೆ ಕೊರೆಯುವ ಯೋಚನೆಯನ್ನೇ ಬಿಡಬೇಕು, ಅದು ಪುಡಿಪುಡಿಯಾಗುತ್ತದೆ. ಊರಿನ ಅಂಗಡಿಗಳಲ್ಲಿ ಅಂಟಿಸಿ ಮಾಡುವ ತೊಟ್ಟಿಗಳಿಗೆ ಬಹುಮಟ್ಟಿಗೆ ಸಾಮಾನ್ಯ ಗಾಜನ್ನೇ ಬಳಸುತ್ತಾರಾದರೂ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಸಂಪನ್ನು ನಮ್ಮ ಊರಿನದೇ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಮಾಡಿಸಿದೆ. ಗಾಜಿನ ಕೆಲಸ, ಸಿಲಿಕೋನ್ ಅಂಟು ಎರಡಕ್ಕೂ ಪೂರ್ಣಾಂಕ ಕೊಡುತ್ತೇನೆ. ಹದಿನಾಲ್ಕು ತಿಂಗಳಲ್ಲಿ ಒಂದು ಹನಿಯೂ ಸೋರಿಲ್ಲ. ಅಳತೆಯ ವಿಷಯದಲ್ಲಿ ಮಾತ್ರ ಅವರು ಎಡವಿದರು. ಸ್ಕಿಮ್ಮರ್ ನಿಲ್ಲುವ ಕೋಣೆಯ ಅಡ್ಡಗಾಜನ್ನು ಎಂಟು ಇಂಚು ಎತ್ತರಕ್ಕೆ ಇಡಿ ಎಂದು ಬರೆದುಕೊಟ್ಟಿದ್ದೆ, ಅವರು ಹತ್ತು ಇಂಚಿಗೆ ಇಟ್ಟರು. ಎರಡು ಇಂಚಿನಲ್ಲಿ ಏನು ಮಹಾ ಎನ್ನಿಸಬಹುದು. ಸ್ಕಿಮ್ಮರ್ ಎಷ್ಟು ಆಳದ ನೀರಿನಲ್ಲಿ ನಿಂತಿದೆ ಎಂಬುದರ ಮೇಲೆಯೇ ಅದರೊಳಗಿನ ನೊರೆಯ ಮಟ್ಟ ನಿಲ್ಲುತ್ತದೆ. ನನ್ನದಕ್ಕೆ 20 ಸೆಂಟಿಮೀಟರ್ ಆಳ ಬೇಕಿತ್ತು, ಸಿಕ್ಕಿದ್ದು 25. ಅಡುಗೆಮನೆಯ ಕಟ್ಟೆಗೆ ಹಾಸಿ ಉಳಿದಿದ್ದ ಗ್ರಾನೈಟ್ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಅದರ ಮೇಲೆ ಯಂತ್ರವನ್ನು ಕೂರಿಸಿದ ಮೇಲೆ ಸರಿಹೋಯಿತು. ಸಂಪ್ ಮಾಡಿಸುವವರು ಮೊದಲು ಸ್ಕಿಮ್ಮರ್ ಕೊಂಡು, ಅದನ್ನೇ ಅಂಗಡಿಗೆ ಒಯ್ದು, ಅಲ್ಲಿ ನಿಲ್ಲಿಸಿ ಅಳತೆ ಹಿಡಿಸುವುದು ಲೇಸು.

ಕರೆಂಟು ಹೋದಾಗ ಮೇಲಿನ ತೊಟ್ಟಿಯಿಂದ ಎಷ್ಟು ನೀರು ಕೆಳಗೆ ಬರುತ್ತದೆ ಎಂಬ ಲೆಕ್ಕವನ್ನು ಯಾರೂ ತಪ್ಪಿಸಬಾರದು. ನನ್ನ ತೊಟ್ಟಿಯಲ್ಲಿ ನೀರಿನ ಮಟ್ಟ ಒಂದು ಇಂಚು ಇಳಿದರೆ 14 ಲೀಟರ್. ಪೈಪಿನಲ್ಲಿರುವುದನ್ನು ಸೇರಿಸಿದರೆ 16. ಸಂಪ್‌ನ ಪೂರ್ಣ ಅಳತೆ 88 ಲೀಟರ್, ಅದನ್ನು ನಡೆಸುವುದು 53 ಲೀಟರಿನಲ್ಲಿ, ಹಾಗಾಗಿ ಇನ್ನೂ 35 ಲೀಟರ್ ಜಾಗ ಉಳಿದಿರುತ್ತದೆ. ನೀರನ್ನು ಮೇಲೆ ಕಳಿಸುವ ಪೈಪಿನ ಬಾಯಿ ತೊಟ್ಟಿಯಲ್ಲಿ ಆಳದಲ್ಲಿದ್ದರೆ ಪಂಪು ನಿಂತ ಕೂಡಲೇ ಅದೇ ಪೈಪು ಸೈಫನ್ ಆಗಿ ನೀರನ್ನು ಕೆಳಗೆ ಎಳೆಯತೊಡಗುತ್ತದೆ. ಅದಕ್ಕೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಾಕಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಉಪ್ಪು ಕಟ್ಟಿದ ಚೆಕ್ ವಾಲ್ವನ್ನು ನಂಬಿ ಮಲಗುವ ಧೈರ್ಯ ನನಗಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಕೊರೆದು, ಅದರ ಮೂಲಕ ಗಾಳಿ ಹೊಕ್ಕು ಸೈಫನ್ ಕಡಿಯುವಂತೆ ಮಾಡಿದ್ದೇನೆ. ಸಂಪಿನ ನೀರನ್ನು ಮರಳಿ ಮೇಲೆ ಕಳಿಸುವ ರಿಟರ್ನ್ ಪಂಪಿನ ಪೆಟ್ಟಿಗೆಯ ಮೇಲೆ ಗಂಟೆಗೆ 3000 ಲೀಟರ್ ಎಂದಿದೆ. ನಾಲ್ಕೂವರೆ ಅಡಿ ಎತ್ತರಕ್ಕೆ ಏರಿದ ಮೇಲೆ ಅದು 20 ಲೀಟರಿನ ಬಕೆಟ್ ತುಂಬಲು 50 ಸೆಕೆಂಡ್ ತೆಗೆದುಕೊಂಡಿತು, ಅಂದರೆ ಗಂಟೆಗೆ 1440. ನನ್ನ ಅಗತ್ಯಕ್ಕೆ ಅಷ್ಟು ಧಾರಾಳವಾಗಿ ಸಾಕು.

ಇನ್ನು ಸ್ಕಿಮ್ಮರ್. ಚೀನಾದಲ್ಲಿ ತಯಾರಾದ, ಸುಮಾರು ಒಂದೂವರೆ ಅಡಿ ಎತ್ತರದ ಅಕ್ರಿಲಿಕ್ ಕೊಳವೆ ಇದು; ಬೆಲೆ 14,000 ರೂಪಾಯಿ ಬಿತ್ತು. ಪೆಟ್ಟಿಗೆಯ ಮೇಲೆ 500 ಲೀಟರಿನ ತೊಟ್ಟಿಗೆ ಸಾಕೆಂದು ಬರೆದಿದೆ. ಅಂಥ ಅಂಕಿಯನ್ನು ಅರ್ಧ ಮಾಡಿಕೊಂಡು ಓದುವುದು ಹವ್ಯಾಸಿಗಳ ರೂಢಿ, ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಹಾಗೆಂದು ತೀರಾ ದೊಡ್ಡದನ್ನು ತಂದರೂ ಪ್ರಯೋಜನವಿಲ್ಲ, ನೀರಿನಲ್ಲಿ ಅಷ್ಟು ಕೊಳೆಯಿಲ್ಲದಿದ್ದರೆ ನೊರೆ ಕುತ್ತಿಗೆಯ ತನಕ ನಿಲ್ಲುವುದೇ ಇಲ್ಲ. ಕೂರಿಸಿದ ಮೊದಲ ಹನ್ನೊಂದು ದಿನ ಬಟ್ಟಲಿಗೆ ಏನೂ ಬೀಳಲಿಲ್ಲ. ಹೊಸ ಅಕ್ರಿಲಿಕ್‌ನ ಮೈಮೇಲೆ ತಯಾರಿಕೆಯ ಜಿಡ್ಡು ಉಳಿದಿರುತ್ತದೆ, ಅದು ತೊಳೆದುಹೋಗಿ ಒಳಮೈಗೆ ತೆಳುವಾದ ಪೊರೆ ಕಟ್ಟುವ ತನಕ ನೊರೆ ಸ್ಥಿರವಾಗುವುದಿಲ್ಲ. ಆ ದಿನಗಳಲ್ಲಿ ಗುಂಡಿ ತಿರುಗಿಸುತ್ತ ಕೂರುವ ಆಸೆಯನ್ನು ಹತ್ತಿಕ್ಕಿಕೊಳ್ಳಬೇಕು. ಹನ್ನೆರಡನೆಯ ದಿನ ಬೆಳಿಗ್ಗೆ ಬಟ್ಟಲಿನಲ್ಲಿ ಎರಡು ಬೆರಳಿನಷ್ಟು ಕಂದು ದ್ರವ ನಿಂತಿತ್ತು. ಬಣ್ಣ ಥೇಟ್ ಅಡಿಕೆ ಬೇಯಿಸಿದ ಚೊಗರಿನದು. ವಾಸನೆಯನ್ನು ಹೋಲಿಸಲು ಮಲೆನಾಡಿನಲ್ಲಿ ಸಭ್ಯವಾದ ವಸ್ತು ಯಾವುದೂ ಇಲ್ಲ. ಅಮ್ಮ ಅದನ್ನು ಗಿಡಕ್ಕೆ ಗೊಬ್ಬರವಾಗುತ್ತದೆಂದು ಎತ್ತಿಟ್ಟಿದ್ದರು. ಅದು ಉಪ್ಪುನೀರು, ದಾಸವಾಳ ಒಣಗುತ್ತದೆ ಎಂದು ತಿಳಿಸಿ ಬಚ್ಚಲಿಗೆ ಚೆಲ್ಲಬೇಕಾಯಿತು.

ಮೂರು ತಿಂಗಳಲ್ಲಿ ನೈಟ್ರೇಟ್ 40ರಿಂದ 15ರ ಆಸುಪಾಸಿಗೆ ಇಳಿಯಿತು, ನೀರು ಬದಲಿಸುವ ಪ್ರಮಾಣ ಹೆಚ್ಚಿಸದೆಯೇ. ಇದರಲ್ಲಿ ಕ್ಯಾನಿಸ್ಟರ್ ತೆಗೆದುದರ ಪಾಲೂ ಇದೆ, ಎರಡು ದಿನಕ್ಕೊಮ್ಮೆ ಗಾಜಿನ ಮೇಲೆ ಕಟ್ಟುತ್ತಿದ್ದ ಪಾಚಿ ಈಗ ವಾರಕ್ಕೊಮ್ಮೆ ಒರೆಸಿದರೆ ಸಾಕು. ನೀರಿನ ಮೇಲ್ಪದರದಲ್ಲಿ ನಿಲ್ಲುತ್ತಿದ್ದ ಎಣ್ಣೆಯಂಥ ಪೊರೆ ಮೊದಲ ದಿನವೇ ಮಾಯವಾಯಿತು, ಅದು ಸ್ಕಿಮ್ಮರ್‌ನ ಸಾಧನೆಯಲ್ಲ, ಮೇಲಿನ ನೀರನ್ನೇ ಮೊದಲು ಕೆಳಗಿಳಿಸುವ ಓವರ್‌ಫ್ಲೋದ್ದು, ಅಂದರೆ ಹಿಂಬದಿಯ ಗಾಜಿಗೆ ಕೊರೆದ ಆ ತೂತಿನದು. ಯಂತ್ರಕ್ಕೆ ಕೆಲವು ಹಟಗಳಿವೆ. ತಲೆಗೆ ಎಣ್ಣೆ ಹಚ್ಚಿದ ಕೈಯನ್ನು ಸರಿಯಾಗಿ ತೊಳೆಯದೆ ತೊಟ್ಟಿಗೆ ಹಾಕಿದರೆ, ಇಲ್ಲವೇ ಜಿಡ್ಡಿನ ಆಹಾರ ಹೆಚ್ಚಾದರೆ, ನೊರೆ ಕುಸಿದು ಕೆಲವು ಗಂಟೆ ಸುಮ್ಮನಾಗುತ್ತದೆ. ಸದ್ದು ಇದೆ, ಆದರೆ ಹಂಚಿನ ಮೇಲೆ ಮಳೆ ಸುರಿಯುವ ನಾಲ್ಕು ತಿಂಗಳು ಅದು ಯಾರ ಕಿವಿಗೂ ಬೀಳುವುದಿಲ್ಲ. ಡಿಸೆಂಬರಿನ ರಾತ್ರಿಗಳಲ್ಲಿ ಮಾತ್ರ ಪಕ್ಕದ ಕೋಣೆಯ ತನಕ ಕೇಳಿಸುತ್ತದೆ.

ಮಳೆಗಾಲ ಬಂದ ಮೇಲೆ ನಿಜವಾದ ಪರೀಕ್ಷೆ ಶುರುವಾಯಿತು. ಶರಾವತಿಯ ನೀರಿನಿಂದ ನಾಡಿಗೆಲ್ಲ ಬೆಳಕು ಕಳಿಸುವ ಜಿಲ್ಲೆ ನಮ್ಮದಾದರೂ ಆಷಾಢದ ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ನಮ್ಮ ಮನೆಯೂ ಕತ್ತಲೆಯೇ. ಜುಲೈನ ಒಂದು ರಾತ್ರಿ ಕರೆಂಟು ಐದಾರು ಸಲ ಹೋಗಿ ಬಂದಿತು. ಹೋದಾಗಲೆಲ್ಲ ಮೇಲಿನ 16 ಲೀಟರ್ ಸಂಪಿಗೆ ಇಳಿದು ಸ್ಕಿಮ್ಮರ್ ಕೋಣೆಯ ನೀರು ಏರುತ್ತದೆ. ಬಂದ ಕ್ಷಣ ರಿಟರ್ನ್ ಪಂಪೂ ಸ್ಕಿಮ್ಮರೂ ಒಟ್ಟಿಗೆ ಶುರುವಾಗಿ, ನೀರಿನ ಮಟ್ಟ ಮೊದಲಿನ ಜಾಗಕ್ಕೆ ಇಳಿಯುವಷ್ಟರಲ್ಲಿ ಸ್ಕಿಮ್ಮರ್ ನೊರೆಯ ಬದಲು ನೀರನ್ನೇ ಬಟ್ಟಲಿಗೆ ತುಂಬುತ್ತದೆ. ಬೆಳಿಗ್ಗೆ ಎದ್ದಾಗ ಬಟ್ಟಲು ತುಂಬಿ, ವಾರದ ಕೊಳೆಯೆಲ್ಲ ಮರಳಿ ಸಂಪಿಗೇ ಸುರಿದಿತ್ತು, ಸ್ಟ್ಯಾಂಡಿನ ಪ್ಲೈವುಡ್ಡಿನ ಮೇಲೂ ಹರಿದಿತ್ತು. ಪ್ಲೈವುಡ್ ಮಳೆಗಾಲದಲ್ಲಿ ಹೇಗೂ ಬೂಷ್ಟು ಹಿಡಿಯುವಂಥದ್ದು, ಉಪ್ಪುನೀರು ಕುಡಿದು ಉಬ್ಬಿಯೂ ಬಿಟ್ಟಿತು. ಈಗ ಸ್ಕಿಮ್ಮರ್‌ನ ಪ್ಲಗ್ಗಿಗೆ, ಕರೆಂಟು ಬಂದ ಹತ್ತು ನಿಮಿಷದ ನಂತರ ಚಾಲೂ ಆಗುವ ಟೈಮರ್ ಹಾಕಿದ್ದೇನೆ. ಬಟ್ಟಲಿನ ತಳದಿಂದ ಒಂದು ಪೈಪನ್ನು ಐದು ಲೀಟರಿನ ಕ್ಯಾನಿಗೆ ಬಿಟ್ಟಿದ್ದೇನೆ. ಈ ಎರಡೂ ಸೇರಿ ಸಾವಿರ ರೂಪಾಯಿ ಆಗಲಿಲ್ಲ, ಮೊದಲೇ ಮಾಡಬೇಕಿತ್ತು.

ಕರೆಂಟು ಹೋದಾಗ ಇನ್ವರ್ಟರಿಗೆ ಸ್ಕಿಮ್ಮರನ್ನು ಸೇರಿಸುವ ಅಗತ್ಯವಿಲ್ಲ. ಕೆಲವು ಗಂಟೆ ನೊರೆ ತೆಗೆಯದಿದ್ದರೆ ಮೀನು ಸಾಯುವುದಿಲ್ಲ, ನೀರು ಅಲುಗಾಡದೆ ಆಮ್ಲಜನಕ ತೀರಿದರೆ ಸಾಯುತ್ತದೆ. ಆದ್ದರಿಂದ ಈಗ 40 ವ್ಯಾಟಿನ ರಿಟರ್ನ್ ಪಂಪನ್ನು ಮಾತ್ರ ಇನ್ವರ್ಟರಿಗೆ ಕೊಟ್ಟಿದ್ದೇನೆ. ಹಳೆಯ ಮಾದರಿಯ ಚದರ ಅಲೆಯ ಇನ್ವರ್ಟರಿನಲ್ಲಿ ಇಂಥ ಪಂಪುಗಳು ಗುಂಯ್‌ಗುಟ್ಟಿ ಬಿಸಿಯೇರುತ್ತವೆ. ಸೈನ್ ವೇವ್ ಇನ್ವರ್ಟರ್ ಇದ್ದರೆ ಮಾತ್ರ ಈ ಏರ್ಪಾಡು ಸರಿ.

ಎರಡನೆಯ ಪಾಠ ಗಾಳಿಯದು. ಸ್ಕಿಮ್ಮರ್ ಗಂಟೆಗೆ ನೂರಾರು ಲೀಟರ್ ಗಾಳಿಯನ್ನು ನೀರಿಗೆ ಕಲಸುತ್ತದೆ, ಅದು ಯಾವ ಗಾಳಿ ಎಂಬುದನ್ನು ನಾವು ಯೋಚಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಿಟಕಿ ಬಾಗಿಲುಗಳು ಬಹುಪಾಲು ಮುಚ್ಚಿಯೇ ಇರುತ್ತವೆ, ಐದು ಜನರ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೇ ಸುಳಿಯುತ್ತದೆ. ಅದನ್ನೇ ಎಳೆದುಕೊಂಡ ನೀರಿನ ಪಿಎಚ್ ಬೆಳಗಿನ ಜಾವ 7.8ಕ್ಕೆ ಇಳಿದಿರುತ್ತಿತ್ತು. ಗಾಳಿಯ ನಳಿಕೆಯನ್ನು ಉದ್ದ ಮಾಡಿ ಕಿಟಕಿಯ ಮೂಲೆಯಿಂದ ಹೊರಗೆ, ಸೂರಿನ ಕೆಳಗೆ, ಬಾಯಿ ಕೆಳಮುಖವಾಗಿ ಇಟ್ಟ ಮೇಲೆ ಅದು 8.1ರ ಹತ್ತಿರ ನಿಂತಿದೆ. ಮೊದಲ ಮಳೆಗೆ ಏಳುವ ರೆಕ್ಕೆಯ ಗೆದ್ದಲು ಒಳಹೋಗದಂತೆ ಬಾಯಿಗೆ ನೈಲಾನ್ ಬಲೆ ಕಟ್ಟಿದ್ದೇನೆ. ಗಾಳಿಯನ್ನು ಹೊರಗಿನಿಂದ ಎಳೆಯಲು ಇದಕ್ಕಿಂತಲೂ ಮುಖ್ಯವಾದ ಕಾರಣ ಇನ್ನೊಂದಿದೆ. ಸೊಳ್ಳೆ ಬತ್ತಿಯಲ್ಲಿಯೂ ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಔಷಧಿಯಲ್ಲಿಯೂ ಇರುವ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕಗಳು ಮೀನಿಗೂ ಸಿಗಡಿಗೂ ಕಡು ವಿಷ. ತೊಟ್ಟಿ ಇರುವ ಕೋಣೆಯಲ್ಲಿ ಅವನ್ನು ಹಚ್ಚಿ ಸ್ಕಿಮ್ಮರನ್ನೂ ಓಡಿಸಿದರೆ ವಿಷವನ್ನು ನಾವೇ ಪಂಪು ಮಾಡಿ ನೀರಿಗೆ ಕಲಸಿದಂತೆ. ನಮ್ಮ ಹಾಲ್‌ನಲ್ಲಿ ಈಗ ಸೊಳ್ಳೆ ಪರದೆ, ಸೊಳ್ಳೆ ಬ್ಯಾಟು ಮಾತ್ರ.

ವಿಷದ ಮಾತು ಬಂದದ್ದರಿಂದ ಅಡಿಕೆ ತೋಟವಿರುವವರಿಗೆ ಒಂದು ಎಚ್ಚರಿಕೆ. ಉಪ್ಪು ಕಲಸಲು ದೊಡ್ಡ ಪಾತ್ರೆ ಬೇಕೆಂದಾಗ ತೀರ್ಥಹಳ್ಳಿಯ ಕಡೆಯ ಮನೆಯಿಂದ ಅಪ್ಪಯ್ಯ ನೂರು ಲೀಟರಿನ ಡ್ರಮ್ಮು ಕಳಿಸಲು ಹೊರಟಿದ್ದರು. "ನಾಲ್ಕು ಸಲ ತೊಳೆದು ಕೊಡ್ತೀನಿ, ಏನೂ ಆಗಲ್ಲ ಮಾರಾಯ" ಎಂದರು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ವರ್ಷಗಟ್ಟಲೆ ಕಲಸಿದ ಡ್ರಮ್ಮು ಅದು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಸಿಗಡಿ, ಏಡಿಗಳಂಥ ಬೆನ್ನೆಲುಬಿಲ್ಲದ ಜೀವಿಗಳು ಬದುಕುವುದಿಲ್ಲ, ಮತ್ತು ಅದನ್ನು ಸ್ಕಿಮ್ಮರ್ ತೆಗೆಯುತ್ತದೆಂದು ನೆಚ್ಚಿಕೊಳ್ಳುವ ಹಾಗಿಲ್ಲ. ಹೊಸ ಡ್ರಮ್ಮನ್ನೇ ಕೊಂಡೆ.

ನೀರಿನ ವಿಷಯ. ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತಾರೆ. ಕುಡಿಯುವವರಿಗೆ ಅದು ನಿಜ. ನಲ್ಲಿಯಲ್ಲಿ ಬರುವ ನೀರಿಗೆ ಕ್ಲೋರಿನ್ ಸೇರಿರುತ್ತದೆ, ಪಾಚಿಗೆ ಮೇವಾಗುವ ಲವಣಗಳೂ ಇರಬಹುದು. ಆದ್ದರಿಂದ ನಾನು ಆರ್‌ಒ ನೀರನ್ನೇ ಬಳಸುತ್ತೇನೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ದಿನವೂ ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬಬೇಕು. ಏಪ್ರಿಲ್‌ನಲ್ಲಿ ದಿನಕ್ಕೆ ನಾಲ್ಕೈದು ಲೀಟರ್ ಬೇಕಾದರೆ ಜುಲೈನಲ್ಲಿ ಒಂದು ಲೀಟರೂ ಬೇಕಾಗುವುದಿಲ್ಲ. ಇಲ್ಲಿ ಸ್ಕಿಮ್ಮರ್ ಒಂದು ಸೂಕ್ಷ್ಮ ಮೋಸ ಮಾಡುತ್ತದೆ. ಅದು ಹೊರಹಾಕುವುದು ಉಪ್ಪುನೀರು, ನಾವು ತುಂಬುವುದು ಸಿಹಿನೀರು. ಕಳೆದ ಮಳೆಗಾಲದಲ್ಲಿ ನೊರೆಯನ್ನು ತೆಳುವಾಗಿ ಬಿಟ್ಟು ದಿನಕ್ಕೆ ಅರ್ಧ ಲೀಟರ್ ತೆಗೆಯುತ್ತಿದ್ದೆ. ಒಂದು ತಿಂಗಳಲ್ಲಿ ಅರ್ಧ ಕಿಲೋ ಉಪ್ಪು ಹೀಗೆ ಹೋಗಿ, ನೀರಿನ ಸಾಂದ್ರತೆ 1.025ರಿಂದ 1.024ರ ಕೆಳಗೆ ಜಾರಿತ್ತು. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇಟ್ಟುಕೊಂಡು ವಾರಕ್ಕೊಮ್ಮೆ ನೋಡದೆ ಇದು ತಿಳಿಯುವುದಿಲ್ಲ. ಈಗ ನೊರೆಯನ್ನು ಗಟ್ಟಿಯಾಗಿಟ್ಟು ಎರಡು ದಿನಕ್ಕೆ ಒಂದು ಲೋಟದಷ್ಟು ತೆಗೆಯುತ್ತೇನೆ.

ಒಟ್ಟು ಖರ್ಚು ಸ್ಕಿಮ್ಮರಿಗೆ 14,000, ಸಂಪಿಗೆ 4,500, ಪಂಪಿಗೆ 3,500, ಪೈಪು, ನಿಪ್ಪಲ್ಲು, ಕೊರೆದ ಕೂಲಿ ಸೇರಿ 2,000. ಉಬ್ಬಿದ ಪ್ಲೈವುಡ್ ಬದಲಿಸಿದ್ದು ಬೇರೆ. ಎರಡು ಅಡಿಯ ಚಿಕ್ಕ ತೊಟ್ಟಿಯಲ್ಲಿ ಒಂದು ಜೋಡಿ ಮೀನು ಇಟ್ಟವರಿಗೆ ಇಷ್ಟೆಲ್ಲ ಬೇಡ, ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರು ಬದಲಿಸಿದರೆ ಅದೇ ಅಗ್ಗ. ತೊಟ್ಟಿಯ ಅಂಚಿಗೆ ತೂಗುಹಾಕುವ ಸಣ್ಣ ಸ್ಕಿಮ್ಮರನ್ನು ನಾನು ಮೊದಲು ಎರಡು ತಿಂಗಳು ಪ್ರಯತ್ನಿಸಿದ್ದೆ. ತೊಟ್ಟಿಯ ತುಂಬ ಸಣ್ಣ ಗುಳ್ಳೆ ತುಂಬಿಸಿದ್ದು ಬಿಟ್ಟರೆ ಅದು ಹೆಚ್ಚೇನೂ ಮಾಡಲಿಲ್ಲ. ನಾಲ್ಕು ಅಡಿ ಮತ್ತು ಮೇಲಿನ ತೊಟ್ಟಿಗೆ, ಕೆಳಗೆ ಸಂಪ್ ಇಡಲು ಜಾಗವಿದ್ದರೆ, ಈ ಸೂಜಿಚಕ್ರದ ಯಂತ್ರವನ್ನು ನಾನು ಅಳುಕಿಲ್ಲದೆ ಶಿಫಾರಸು ಮಾಡುತ್ತೇನೆ. ಬಟ್ಟಲನ್ನೂ ಕುತ್ತಿಗೆಯನ್ನೂ ವಾರಕ್ಕೆರಡು ಸಲ ಒರೆಸಬೇಕು, ಏಕೆಂದರೆ ಕುತ್ತಿಗೆಯಲ್ಲಿ ಜಿಡ್ಡು ಕಟ್ಟಿದಷ್ಟೂ ನೊರೆ ಮೇಲೇರುವುದು ಕಡಿಮೆಯಾಗುತ್ತದೆ. ಮೂರು ತಿಂಗಳಿಗೊಮ್ಮೆ ಪಂಪನ್ನು ಬಿಚ್ಚಿ, ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಸುಣ್ಣದ ಹೊರಪದರವನ್ನು ಹಳೆಯ ಟೂತ್ ಬ್ರಷ್‌ನಿಂದ ಉಜ್ಜಬೇಕು. ಕಳೆದ ಸಲ ಹಾಗೆ ಬಿಚ್ಚಿದಾಗ ಚಕ್ರದ ಎರಡು ಸೂಜಿಗಳು ಮುರಿದಿದ್ದವು. ಬಿಡಿಭಾಗ ಶಿವಮೊಗ್ಗದಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಲು ಒಂಬತ್ತು ದಿನ ಹಿಡಿಯಿತು, ಆಗ ಎರಡು ಚಕ್ರಗಳನ್ನು ಒಟ್ಟಿಗೇ ತರಿಸಿ ಒಂದನ್ನು ಸ್ಟ್ಯಾಂಡಿನ ಒಳಗೆ ಡಬ್ಬಿಯಲ್ಲಿ ಇಟ್ಟಿದ್ದೇನೆ.